ಹಾಡಿನಲ್ಲಿ ಮೆಂಬರ್ ಸಾಹೇಬರ ಸದ್ದು

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯ ಕೊಟ್ರೇಶ, ದಾದಾಪೀರ್ ಸೇರಿ ಒಂದು ರ‍್ಯಾಪ್ ಹಾಡು ಕಟ್ಟಿದರು. ತಾಳಕ್ಕೆ ಮಂಡಕ್ಕಿ ಜರಡಿಯ ಸದ್ದು, ನೀರು ಬಾರದ ನಲ್ಲಿಯ ಬುಸುಬುಸು. ಎಲ್ಲವೂ ಓಣಿಯಲ್ಲೇ ಫೋನಿನಲ್ಲಿ ಹಿಡಿದದ್ದು.

ಸುದ್ದಿ ತಿಳಿದು ವಾರ್ಡಿನ ಮೆಂಬರ್ ಬಂದರು. "ನನ್ನ ವಾರ್ಡಿನ ಹಾಡು. ನಾನಿಲ್ಲದೆ ಅದು ಹೆಂಗೆ ಹೊರಗೆ ಬರುತ್ತೋ ನೋಡ್ತೀನಿ."

"ನಿಮ್ಮ ಸದ್ದೂ ಹಾಕ್ತೀವಿ ಸಾರ್," ಅಂದ ಕೊಟ್ರೇಶ. "ಆದ್ರೆ ನಾವು ಯಾರನ್ನೂ ಕೂರಿಸಿ ಮಾತಾಡಿಸಿಲ್ಲ. ಅವರವರ ಪಾಡಿಗೆ ಇದ್ದಾಗ ಹಿಡಿದಿದ್ದೀವಿ. ನಿಮ್ಮದನ್ನೂ ಹಂಗೇ ಹಿಡೀತೀವಿ."

ಮೆಂಬರ್ ಹಿಗ್ಗಿದರು.

ಮುಂದಿನ ವಾರ ಅವರನ್ನೇ ಕರೆಸಿ ಭಟ್ಟಿಯ ಮುಂದೆ ಹಾಡು ಹಾಕಿದರು. ಜರಡಿ ಆಡಿತು. ನಲ್ಲಿ ಬುಸುಗುಟ್ಟಿತು. ಹಾಡಿನೊಳಗೆ ಹೆಂಗಸರು "ಸಾರ್, ನೀರು..." ಅನ್ನುವಷ್ಟರಲ್ಲಿ ಕಾರಿನ ಬಾಗಿಲು ಧಡ್ ಅಂದಿತು.

ಮಂಡಕ್ಕಿ ಹುರಿಯುತ್ತಿದ್ದ ಹಾಲಮ್ಮಜ್ಜಿ ತಲೆಯೆತ್ತದೆ ಹೇಳಿದಳು: "ಮೆಂಬರ್ ಹೋದ್ರು."

ಓಣಿಯೆಲ್ಲ ನಕ್ಕಿತು. ಮೆಂಬರ್ ಮುಖ ಕೆಂಪಗಾಯಿತು. "ತೆಗೀರಿ ಅದನ್ನ!"

"ತೆಗೀತೀವಿ ಸಾರ್," ಅಂದ ಕೊಟ್ರೇಶ. "ಆ ಜಾಗಕ್ಕೆ ಬೇರೆ ಸದ್ದು ನೀವೇ ಕೊಡಿ."

ಮೆಂಬರ್ ಸರಸರ ಹೋಗಿ ಕಾರು ಹತ್ತಿದರು. ಬಾಗಿಲಿಗೆ ಕೈ ಹಾಕಿದರು. ಓಣಿಯೆಲ್ಲ ಕಿವಿಗೊಟ್ಟು ನಿಂತಿತ್ತು. ಎಳೆಯಲು ಮನಸ್ಸು ಬರಲಿಲ್ಲ. ಕೆಳಗಿಳಿದು ಮೆಲ್ಲಗೆ ಕೇಳಿದರು: "ಅಜ್ಜಿ, ಆ ನಲ್ಲಿ ಎಲ್ಲಿದೆ?"

ದಾದಾಪೀರ್ ಸದ್ದಿಲ್ಲದೆ ಫೋನಿನಲ್ಲಿ ರೆಕಾರ್ಡ್ ಒತ್ತಿದ.