ರುಚಿ ನೋಡುವವರಿಗೆ ಎರಡು ಪಾತ್ರೆ

ಟೀಪುಡಿ ಕಾರ್ಖಾನೆಯಲ್ಲಿ ಅಂದು ಯಾರೂ ಕೂತಲ್ಲಿ ಕೂರಲಿಲ್ಲ. ರುಚಿ ನೋಡುವ ಸುಧೀಂದ್ರ ರಾಯರು ಬಂದಿದ್ದರು. ತೆಂಗಿನಕಾಯಿ ಟೀ, ವೆನಿಲ್ಲಾ ಟೀ, ಎರಡರಲ್ಲಿ ಅವರು ಹೇಳಿದ್ದೊಂದೇ ಉಳಿಯುವುದು. ತೆಂಗಿನದು ನಿಂತರೆ ಕಾಯಿ ತುರಿದು ಹುರಿಯುವ ನಾಲ್ವರು ಹೆಂಗಸರ ಕೆಲಸವೂ ಹೋಗುತ್ತದೆ. ಅವರಲ್ಲೊಬ್ಬಳಾದ ಚಿಕ್ಕತಾಯಮ್ಮನೇ ಅಂದು ಟೀ ಕೊಡುವವಳು.

"ಬೇಗ ಬೇಗ! ತೆಂಗಿನಕಾಯಿ ಸಾರಿಗೆ ಸರಿ, ಟೀಗಲ್ಲ. ನನಗೆ ಕುಡಿಯದೆಯೇ ಗೊತ್ತು," ಎಂದರು ರಾಯರು, ವಾಚು ನೋಡುತ್ತಾ.

ರುಚಿ ನೋಡುವವರು ಟೀ ನುಂಗುವುದಿಲ್ಲ, ಬಾಯಲ್ಲಾಡಿಸಿ ಉಗುಳುತ್ತಾರೆ. ಚಿಕ್ಕತಾಯಮ್ಮನಿಗೆ ತನ್ನ ಹುರಿತದ ಮೇಲೆ ನಂಬಿಕೆ. ಉಗುಳಲು ಎರಡು ಪಾತ್ರೆ ಇಟ್ಟಳು.

"ಎರಡು ಯಾಕಮ್ಮ?"

"ಒಂದರ ವಾಸನೆ ಇನ್ನೊಂದಕ್ಕೆ ಬೆರೀಬಾರ್ದಲ್ಲ ಸಾರ್."

ರಾಯರು ಮೆಚ್ಚಿ ತಲೆಯಾಡಿಸಿದರು. ಎರಡನ್ನೂ ಸೊರ್ರನೆ ಹೀರಿದರು, ಮತ್ತೆ ಹೀರಿದರು. ಕೊನೆಗೆ, "ವೆನಿಲ್ಲಾನೇ ಶ್ರೇಷ್ಠ. ತೆಂಗಿನದು ನಿಲ್ಲಿಸಿ," ಎಂದರು.

ಮಾಲೀಕ ಪರಮಶಿವಯ್ಯ ಸಹಿಗೆ ಪೆನ್ನು ತೆಗೆದರು. ಚಿಕ್ಕತಾಯಮ್ಮ ಎರಡೂ ಪಾತ್ರೆ ತಂದು ಅವರ ಮುಂದಿಟ್ಟಳು.

"ಯಜಮಾನ್ರೇ, ಇದರಲ್ಲಿರೋದು ಸಾರ್ ಉಗುಳಿದ ವೆನಿಲ್ಲಾ. ತೆಂಗಿನದು ಈ ಪಾತ್ರೆಗೆ ಒಂದು ಹನೀನೂ ಬಿದ್ದಿಲ್ಲ. ಲೋಟಾನೂ ಖಾಲಿ."

ರಾಯರ ಮುಖ ಕೆಂಪಾಯಿತು. "ಅದು... ಮಾತಾಡಿ ಗಂಟಲು ಒಣಗಿತ್ತು."

"ನಾವು ಟೀ ಮಾರೋದೂ ಗಂಟಲು ಒಣಗಿದೋರಿಗೇ ಅಲ್ವಾ ಸಾರ್?"

ಪರಮಶಿವಯ್ಯ ಪೆನ್ನು ಮುಚ್ಚಿದರು. "ತೆಂಗಿನದು ನನಗೂ ಒಂದು ಲೋಟ ತಾರಮ್ಮ."

ರಾಯರು ಗೋಡೆ ನೋಡುತ್ತಾ ಮೆಲ್ಲಗೆ ಹೇಳಿದರು: "ಎರಡು."