ಹೆಸರಿಡಲು ಹಾರಿಹೋದ ಸೋದರತ್ತೆ

ಒಂದಾನೊಂದು ಊರಿನಲ್ಲಿ ದಾನವ್ವ ಅಂತ ಒಬ್ಬಳಿದ್ದಳು. ಯಾವ ಊರು ಅಂತ ಕೇಳಬೇಡಿ. ಕೇಳಿದರೆ ದಾರಿ ಹೇಳಬೇಕಾಗುತ್ತದೆ, ದಾರಿ ಹೇಳುತ್ತ ಕೂತರೆ ಕತೆ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ದಾನವ್ವ ಟಂಟಂ ಆಟೋ ಹೊಡೆಯುತ್ತಿದ್ದಳು. ಅವಳದು ಒಂದೇ ನೇಮ. ಸೀಟು ತುಂಬಬೇಕು, ಮೇಲೆ ಒಬ್ಬರು ಬಾಗಿಲಿಗೆ ಜೋತಾಡಬೇಕು. ಅಲ್ಲಿಯವರೆಗೆ ಬ್ರಹ್ಮ ಬಂದು ಬೇಡಿಕೊಂಡರೂ ಗಾಡಿ ಬಿಡುವವಳಲ್ಲ.

ಅವಳ ತಮ್ಮ ಈರಬಸು ಏಳು ಸಮುದ್ರದಾಚೆಯ ದೇಶದಲ್ಲಿದ್ದ. ಅಲ್ಲಿನ ರಾಜನ ಬಾತುಕೋಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವುದು ಅವನ ಕೆಲಸ. ಅವು ಗೋಧಿ ಮುಟ್ಟುತ್ತಿರಲಿಲ್ಲ, ಏನು ಮಾಡುವುದು? ಆ ರಾಜನಿಗೆ ಒಂದು ಹುಚ್ಚು. ಹೆಸರಿಲ್ಲದ್ದು ಏನು ಕಂಡರೂ ಎತ್ತಿಕೊಂಡು ಹೋಗಿ ಕಪಾಟಿನಲ್ಲಿಡುತ್ತಿದ್ದ. ಹೆಸರಿಲ್ಲದ ನಾಯಿಮರಿ ಕಪಾಟಿನಲ್ಲಿ. ಹೆಸರಿಲ್ಲದ ಗುಡ್ಡ ಕಪಾಟಿನಲ್ಲಿ. ಹೆಸರಿಲ್ಲದ ಒಂದು ಕೆರೆಯನ್ನು ನಾಲ್ಕು ಮಡಿಕೆ ಮಡಿಸಿ, ಅದೂ ಕಪಾಟಿನಲ್ಲಿ. ಕೂಸು ಹುಟ್ಟಿದರೆ ಹದಿಮೂರು ದಿನ ಗಡುವು. ಹದಿಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಹೆಸರಿಡದಿದ್ದರೆ ಕೂಸೂ ಕಪಾಟಿಗೆ.

ಈರಬಸುವಿಗೆ ಹೆಣ್ಣು ಕೂಸು ಹುಟ್ಟಿತು. ಅವನು ಫೋನು ಮಾಡಿ ಅತ್ತ.

"ಯಕ್ಕಾ, ಲಗೂನ ಬಾ. ಹೆಸರಿಡಾಕ ಸೋದರತ್ತಿ ಬೇಕು."

ಅಪ್ಪನೇ ಇಟ್ಟರಾಗದೇ ಅನ್ನುತ್ತೀರಾ? ಅನ್ನುವವರು ಎದ್ದು ಹೊರಗೆ ಹೋಗಿ. ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಅನ್ನಬೇಕು, ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿದರೇ ಹೆಸರು ಬಾಯಿಂದ ಹೊರಗೆ ಬೀಳುವುದು. ಇದು ಹಿರಿಯರ ಕಾಲದಿಂದ ನಡೆದುಬಂದದ್ದು.

ದಾನವ್ವ ವಿಮಾನ ಹತ್ತಿದಳು. ವಿಮಾನ ಹಾರಿತು, ಹಾರಿತು, ಹಾರಿತು. ಪಕ್ಕದ ಸೀಟಿನ ಹುಡುಗನಿಗೆ ಹತ್ತುವಾಗ ಮೀಸೆ ಮೂಡಿರಲಿಲ್ಲ, ಇಳಿಯುವಾಗ ಗಡ್ಡ ನೆರೆತಿತ್ತು. ಆ ಓಟಕ್ಕೆ ದಾನವ್ವನ ನಿದ್ದೆ ಹಿಂದೆ ಬಿತ್ತು. ಅದು ಪಾಪ, ಮೋಡದಿಂದ ಮೋಡಕ್ಕೆ ಕಾಲಿಡುತ್ತ ಏದುಸಿರು ಬಿಡುತ್ತ ಬರುತ್ತಿತ್ತು. ವಿಮಾನ ಇಳಿದಾಗ ಹದಿಮೂರನೆಯ ದಿನದ ಮಧ್ಯಾಹ್ನ.

ತಮ್ಮ ಕಳಿಸಿದ ಕಾರು ಹೊರಗೆ ನಿಂತಿತ್ತು. ದಾನವ್ವ ಬಲಗಡೆಯ ಬಾಗಿಲು ತೆಗೆದು ಕೂತಳು. ಕೈ ಚಾಚಿದರೆ ಬರೀ ಗಾಳಿ.

"ಸ್ಟೇರಿಂಗ್ ಯಾವ ಕಳ್ಳ ಬಿಚಕೊಂಡ ಹ್ವಾದ?"

"ಆಚೆ ಪಕ್ಕದಲ್ಲಿದೆ ತಾಯಿ," ಅಂದಿತು ಕಾರು. "ನಮ್ಮಲ್ಲಿ ಎಲ್ಲ ನಿಮ್ಮದರ ಉಲ್ಟಾ. ಹೊರಡೋಣವೇ?"

ದಾನವ್ವ ಆಚೆ ಸರಿದು ಸ್ಟೇರಿಂಗ್ ಮುಂದೆ ಕೂತಳು. "ಹೆಂಗ ಹೊರಡೂದು? ಸೀಟ್ ತುಂಬಿಲ್ಲಲ್ಲ."

"ಇಲ್ಲಿ ಕಾರಿಗೆ ಒಬ್ಬರೇ ಹೋಗುವುದು."

"ಖಾಲಿ ಗಾಡಿ ಹೊಡಿಯಾಕ ನನ್ನ ಕೈ ಏಳಂಗಿಲ್ಲೋ ಯಪ್ಪಾ," ಅಂದಳು ದಾನವ್ವ. ನಿಜಕ್ಕೂ ಕೈ ಏಳಲಿಲ್ಲ. ಅವಳು ಕಿಟಕಿಯಿಂದ ತಲೆ ಹಾಕಿ ಕೂಗಿದಳು. "ಬರ್ರಿ, ಬರ್ರಿ! ಅರಮನಿ ಓಣಿ, ಅರಮನಿ ಓಣಿ!"

ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಸಿಗ್ನಲ್ ಕಂಬವೊಂದು ಮೆಲ್ಲಗೆ ಬಗ್ಗಿ ಕೇಳಿತು, "ನನ್ನನ್ನೇ ಕರೆದಿರಾ?"

"ಹೂಂನ್ರಿ, ಹತ್ತರಿ."

ಕಂಬದ ಮೂರೂ ಕಣ್ಣಲ್ಲಿ ನೀರು ಬಂತು. "ಮೂವತ್ತು ವರ್ಷ ಆಯಿತು ನಿಂತು. ಎಲ್ಲರೂ ನನ್ನ ಮುಂದೆ ನಿಲ್ಲುತ್ತಾರೆ. ಕೂತುಕೋ ಅಂತ ಒಬ್ಬರೂ ಅಂದಿರಲಿಲ್ಲ," ಅಂದು ಹತ್ತಿ ಕೂತಿತು.

ಅದನ್ನು ನೋಡಿ ಎಂಬತ್ತು ಎಂದು ಬರೆದ ಬೋರ್ಡು ಹತ್ತಿತು. ರಸ್ತೆಯ ನಡುವಿನ ಬಿಳಿ ಗೆರೆ ಉಂಡೆ ಸುತ್ತಿಕೊಂಡು ಬೋರ್ಡಿನ ತೊಡೆಯ ಮೇಲೆ ಕೂತಿತು. ಮುಂದಿನ ತಿರುವು ತಾನೇ ಎದ್ದು ಬಂತು. ಕೊನೆಗೆ ಹೊಳೆಯ ಸೇತುವೆ ಬಂತು.

"ಜರಾ ಸರದ ಕುಂದರ್ರಿ, ಬ್ರಿಜ್ಜಿಗೆ ಜಾಗಾ ಮಾಡ್ರಿ," ಅಂದಳು ದಾನವ್ವ. ಎಲ್ಲರೂ ಸರಿದರು. ಅಷ್ಟರಲ್ಲಿ ಅವಳ ನಿದ್ದೆಯೂ ಓಡಿಬಂದು ಬಾಗಿಲಿಗೆ ಜೋತುಬಿತ್ತು. ಸೀಟು ತುಂಬಿತು, ಮೇಲೆ ಒಬ್ಬರಾಯಿತು. ದಾನವ್ವನ ಕೈ ತಾನಾಗಿ ಎದ್ದಿತು.

ಕಾರು ಹೊರಟಿತು. ತಿರುವು ಕಾರೊಳಗಿದ್ದದ್ದರಿಂದ ದಾರಿ ನೆಟ್ಟಗಿತ್ತು. ಬಿಳಿ ಗೆರೆಯೂ ಒಳಗಿದ್ದದ್ದರಿಂದ ರಸ್ತೆಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ದಾನವ್ವ ಊರಿನಲ್ಲಿ ಹೊಡೆದ ಹಾಗೇ ಹೊಡೆದಳು, ಒಬ್ಬರೂ ತಪ್ಪು ಅನ್ನಲಿಲ್ಲ. ಹೊಳೆ ಬಂತು. ಸೇತುವೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿತ್ತು.

"ಬ್ರಿಜ್ಜಣ್ಣಾರ, ಒಂದೀಟು ಇಳದ ಅಡ್ಡ ಮಲಗ್ರಿ. ನಾವು ದಾಟಿದ ಮ್ಯಾಲ ಮತ್ತ ಹತ್ತೀರಂತ."

ಸೇತುವೆ ಇಳಿಯಿತು, ಮಲಗಿತು, ಕಾರು ದಾಟಿತು, ಸೇತುವೆ ಮತ್ತೆ ಹತ್ತಿತು.

ಆಮೇಲೆ ಬಂತು ನೋಡಿ ಕಷ್ಟ. ಜೋತಾಡುತ್ತಿದ್ದ ನಿದ್ದೆಗೆ ಕೈ ಸೋತಿತು. ಅದು ಮೆಲ್ಲಗೆ ಒಳಗೆ ಹತ್ತಿ ದಾನವ್ವನ ರೆಪ್ಪೆಯ ಮೇಲೆ ಕೂತಿತು. ರೆಪ್ಪೆ ಇಳಿಯಿತು. ಕಾರು ಗದ್ದೆಯ ಕಡೆ ಹೊರಟಿತು. ಆಗ ಕಂಬ ಅವಳ ಮುಖಕ್ಕೆ ಕೆಂಪು ದೀಪ ಹಿಡಿದು ಚೀರಿತು. ಬೋರ್ಡು ಕಿವಿಯಲ್ಲಿ "ಎಂಬತ್ತು! ಎಂಬತ್ತು!" ಅಂತ ಕೂಗಿತು. ಗೆರೆ ತನ್ನ ತುದಿಯಿಂದ ಅವಳ ಅಂಗಾಲಿಗೆ ಕಚಗುಳಿ ಇಟ್ಟಿತು. ದಾನವ್ವ ನಕ್ಕು ನಕ್ಕು ಎಚ್ಚರಾದಳು.

"ಯಾರ ಹೆತ್ತ ಮಕ್ಕಳೋ ಏನೋ, ದೇವರಂಗ ಬಂದ್ರಿ," ಅಂದಳು.

ತಮ್ಮನ ಮನೆ ಮುಟ್ಟಿದಾಗ ಸೂರ್ಯ ಒಂದು ಬೆರಳು ಉಳಿದಿದ್ದ. ಬಾಗಿಲಲ್ಲಿ ರಾಜ ಚೀಲ ಬಿಚ್ಚಿಕೊಂಡು ನಿಂತಿದ್ದ. ಈರಬಸುವಿನ ಹೆಂಡತಿ ಕಲ್ಲವ್ವ ಕೂಸನ್ನು ಎದೆಗೆ ಅವುಚಿಕೊಂಡು, "ಕೊಡಾಂಗಿಲ್ಲ, ಕೊಡಾಂಗಿಲ್ಲ," ಅನ್ನುತ್ತಿದ್ದಳು.

ದಾನವ್ವ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಅಂದಳು. ಹೆಸರು ಗಂಟಲಲ್ಲೇ ನಿಂತಿತು. ಅಕ್ಕಪಕ್ಕದವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಪರಿಚಯವಿಲ್ಲದವರ ಬೆನ್ನು ಮುಟ್ಟುವುದು ಆ ದೇಶದಲ್ಲಿ ಮರ್ಯಾದೆಯಲ್ಲ.

"ನಾವಿದ್ದೇವೆ!" ಅಂತ ಕಾರಿನವರೆಲ್ಲ ದಡದಡ ಇಳಿದರು. ಕಂಬ ಗುದ್ದಿತು, "ಚ" ಬಿತ್ತು. ಬೋರ್ಡು ಗುದ್ದಿತು, "ನ್ನ" ಬಿತ್ತು. ಗೆರೆ ಬಾರಿಸಿತು, "ಬ" ಬಿತ್ತು. ತಿರುವು ಸುತ್ತಿ ಬಂದು ಗುದ್ದಿತು, "ಸ" ಬಿತ್ತು. ಸೇತುವೆ ಮಾತ್ರ ಇನ್ನೂ ಕಾರಿನ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಸೂರ್ಯ ಉಗುರಿನಷ್ಟು ಉಳಿದ.

"ಚನ್ನಬಸ," ಅಂತ ರಾಜ ನಕ್ಕ. "ಐದರಲ್ಲಿ ನಾಲ್ಕೇ. ಕೂಸಿನ ಐದನೆಯ ಒಂದು ಪಾಲು ನನ್ನದು. ಎಡಗಾಲು ಸಾಕು, ಕೊಡಿ."

ಕಲ್ಲವ್ವ ಕಿರುಚಿದಳು. ಸೇತುವೆ ಉಸಿರು ಬಿಗಿಹಿಡಿದು ಹೊರಗೆ ಬಂತು, ಎರಡೂ ತುದಿ ಎತ್ತಿ ಒಂದೇ ಒಂದು ಗುದ್ದು ಗುದ್ದಿತು. ದಾನವ್ವ ಕಲ್ಲವ್ವನ ಕಾಲ ಬುಡಕ್ಕೆ ಮುಗ್ಗರಿಸಿದಳು.

"ವ್ವ!"

ಚನ್ನಬಸವ್ವ! ಸೂರ್ಯ ಮುಳುಗಿದ. ಕೂಸು ಕೈಕಾಲು ಬಡಿದು ಕೇಕೆ ಹಾಕಿತು. ಈರಬಸು ಸೇತುವೆಯ ಕಾಲಿಗೆ ಅಡ್ಡಬಿದ್ದ. ಯಾವುದು ಕಾಲು ಅಂತ ತಿಳಿಯದೆ ಎರಡೂ ಕಡೆ ಬಿದ್ದ.

ದಾನವ್ವ ಸೊಂಟ ಹಿಡಿದುಕೊಂಡು ಎದ್ದಳು. "ನೀವಿಲ್ಲದಿದ್ರ ನನ್ನ ಸೊಸಿ ನನಗ ಸಿಗತಿರಲಿಲ್ಲ. ನಿಮ್ಮ ಉಪಕಾರ ಸಾಯೂತನಕ ಮರಿಯಂಗಿಲ್ಲ. ನಿಮಗ ಏನ್ ಕೊಡ್ಲಿ?"

ಅವೆಲ್ಲ ನಾಚಿಕೊಂಡು ಸಾಲಾಗಿ ನಿಂತು ಕಿವಿ ಮುಂದೆ ಮಾಡಿದವು. ಅವಕ್ಕೂ ಹೆಸರಿರಲಿಲ್ಲ. ದಾನವ್ವ ಕಂಬಕ್ಕೆ ಕೆಂಚಪ್ಪ ಅಂದಳು. ಬೋರ್ಡಿಗೆ ಗೌಡಪ್ಪ, ಗೆರೆಗೆ ನೀಲವ್ವ, ತಿರುವಿಗೆ ಸುತ್ತವ್ವ, ಸೇತುವೆಗೆ ದೊಡ್ಡಪ್ಪ. ಬೇಲಿಯಾಚೆಯವರಿಗೆ ಇನ್ನು ತಡೆಯಲಾಗಲಿಲ್ಲ. ಹಾರಿಬಂದು ಅವರೂ ಗುದ್ದತೊಡಗಿದರು. ಸುದ್ದಿ ಅರಮನೆಗೆ ಮುಟ್ಟಿತು. ಕಪಾಟಿನಿಂದ ನಾಯಿಮರಿ ಓಡಿಬಂತು, ಗುಡ್ಡ ಓಡಿಬಂತು, ಕೆರೆ ಮಡಿಕೆ ಬಿಚ್ಚಿಕೊಂಡು ಬಂತು. ಎಲ್ಲಕ್ಕೂ ಹೆಸರಾಯಿತು.

ಖಾಲಿ ಚೀಲ ಹಿಡಿದುಕೊಂಡು ರಾಜ ಕಟ್ಟೆಯ ಮೇಲೆ ಕೂತ. ಅವನ ಕೆನ್ನೆ ಒದ್ದೆಯಾಗಿತ್ತು.

"ಯಾಕಪ್ಪಾ ಅಳತಿ?" ಅಂದಳು ದಾನವ್ವ.

"ನನಗೆ ಸೋದರತ್ತೆ ಇರಲಿಲ್ಲ," ಅಂದ ರಾಜ. "ಹುಟ್ಟಿದ ದಿನದಿಂದ ಎಲ್ಲರೂ ಪ್ರಭು ಅನ್ನುತ್ತಾರೆ. ಹೆಸರಿಲ್ಲದವರು ನಾಲ್ಕು ಮಂದಿ ಜೊತೆಗಿದ್ದರೆ ಸಮಾಧಾನ ಅಂತ ಕೂಡಿಹಾಕುತ್ತಿದ್ದೆ."

ದಾನವ್ವನ ಸಿಟ್ಟೆಲ್ಲ ಇಳಿಯಿತು. "ಇಷ್ಟಕ್ಕ ಇಷ್ಟ ಮಂದೀನ ಕಾಡಿದ್ಯಾ? ಬಾ, ಕಿವಿ ಕೊಡು," ಅಂದಳು. ಕುರ್ರ್ ಅಂದಳು. ಇಡೀ ಊರು ಅವಳ ಬೆನ್ನಿಗೆ ಗುದ್ದಿತು. "ಗುರುಪಾದಪ್ಪ!"

ರಾಜ ಕದಲಲಿಲ್ಲ. ಹೆಸರು ಹಿಡಿಸುತ್ತದೋ ಬಿಗಿಯಾಗುತ್ತದೋ ಅಂತ ನೋಡುವವನಂತೆ ಕೂತೇ ಇದ್ದ. ಆಗ ಒಳಗಿನಿಂದ ಕಲ್ಲವ್ವ ಕೂಗಿದಳು.

"ಗುರುಪಾದಣ್ಣಾರ, ಕೈಕಾಲ ತೊಳಕೊಂಡ ಬರ್ರಿ, ರೊಟ್ಟಿ ಆರತಾವ!"

"ಏನಂದಿರಿ?" ಅಂದ ರಾಜ. ಅವಳು ಮತ್ತೆ ಕೂಗಿದಳು. ಅವನು ಮತ್ತೆ ಏನಂದಿರಿ ಅಂದ. ಹಾಗೆ ಏಳು ಸಲ ಕರೆಸಿಕೊಂಡು, ಎಂಟನೆಯ ಸಲ "ಬಂದೆ ತಂಗೀ!" ಅಂತ ಕಿರೀಟ ಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಓಡಿದ.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಬಾಯಿ ಚಪ್ಪರಿಸಿದೆವು. ಇದರ ನೀತಿ ಏನಪ್ಪಾ ಅಂದರೆ, ಸೋದರತ್ತೆಯ ಬೆನ್ನಿಗೆ ಧಾರಾಳವಾಗಿ ಗುದ್ದಿ, ಆದರೆ ಸೇತುವೆಯ ಕೈಲಿ ಮಾತ್ರ ಗುದ್ದಿಸಬೇಡಿ.