ಹನ್ನೆರಡು ಅಡಿ ಹಗ್ಗ

“ಮೇಷ್ಟ್ರೇ, ಈ ಕಂಪ್ಯೂಟರ್ ಒಂದೇ ಕೆಲಸಕ್ಕೆ ಎರಡು ಲೆಕ್ಕ ಯಾಕೆ ಹೇಳುತ್ತೆ?” ಎಂದು ಶಶಿರೇಖಾ ಕೇಳಿದಳು.

ಅವಳು ಸಸಿ ನೆಡುವ ಸಂಘವೊಂದರ ವರದಿ ತಯಾರಿಸುವವಳು. ಚೆನ್ನವೀರಪ್ಪ ಮೇಷ್ಟ್ರು ಅವಳಿಗೆ ಆ ವಿದ್ಯೆ ಕಲಿಸಿದವರು. ವರದಿಯಲ್ಲಿ ಪ್ರತಿ ತಾರೀಕಿನ ಮುಂದೆ ಆ ದಿನ ನೆಟ್ಟ ಸಸಿ, ಪಕ್ಕದಲ್ಲಿ ಆವತ್ತಿನವರೆಗಿನ ಒಟ್ಟು. ಕಂಪ್ಯೂಟರಿನಲ್ಲಿ ಎಲ್ಲ ತಿಂಗಳನ್ನೂ ಆರಿಸಿದರೆ ಕೊನೆಯ ಸಾಲಿನ ಒಟ್ಟು ಒಂಬತ್ತು ಸಾವಿರ. ಈ ತಿಂಗಳನ್ನು ಮಾತ್ರ ಆರಿಸಿದರೆ ಅದೇ ಒಟ್ಟು ಮುನ್ನೂರು. ನಾಳೆ ಆ ಅಂಕಿ ನೋಡಿಯೇ ನೀರಿನ ಟ್ಯಾಂಕರ್ ಗೊತ್ತುಮಾಡುವವರಿದ್ದರು.

“ಈ ತಿಂಗಳದ್ದೇ ಚೊಕ್ಕವಾಗಿದೆ, ಅದನ್ನೇ ಕೊಟ್ಟುಬಿಡ್ತೀನಿ. ಕೂಡಿದ್ದರಲ್ಲಿ ತಪ್ಪಿಲ್ಲ, ನಾಲ್ಕು ಸಲ ನೋಡಿದೆ.”

“ನಾಲ್ಕು ಸಲ! ಭೇಷ್. ಕೂತ್ಕೊಳಮ್ಮ,” ಎಂದು ಮೇಷ್ಟ್ರು ಕತೆ ಶುರುಮಾಡಿದರು.

ಒಬ್ಬ ಸಾಹುಕಾರ ಬಾವಿ ತೋಡಿಸುತ್ತಿದ್ದ. ತೋಡುವವನು ಒಬ್ಬ, ಬರೆದಿಡಲು ಒಬ್ಬ ಗುಮಾಸ್ತ. ದಿನಾ ಸಂಜೆ ಗುಮಾಸ್ತ ಹಲಗೆಯ ಮೇಲೆ ಆವತ್ತು ಎಷ್ಟು ಅಡಿ ಅಗೆದದ್ದು, ಅಲ್ಲಿಯವರೆಗೆ ಒಟ್ಟು ಎಷ್ಟು ಎಂದು ಬರೆಯುತ್ತಿದ್ದ. ಮಹಾ ಅಚ್ಚುಕಟ್ಟಿನ ಮನುಷ್ಯ. ತಿಂಗಳು ಮುಗಿದ ಕೂಡಲೇ ಹಲಗೆ ಒರೆಸಿ ಹೊಸದಾಗಿ ಒಂದನೇ ತಾರೀಕಿನಿಂದ ಕೂಡುತ್ತ ಬಂದ.

ಐದನೇ ತಾರೀಕು ತಳದಲ್ಲಿ ಸೆಲೆ ಒಡೆಯಿತು. ತೋಡುವವನು ಹಗ್ಗ ಹಿಡಿದು ಜಗ್ಗಿದ. ಹಳೇ ಹಗ್ಗ ಪಟ್ಟನೆ ಹರಿದು ಅವನ ತಲೆ ಮೇಲೆಯೇ ಬಿತ್ತು. ನೀರು ಮೊಣಕಾಲು ದಾಟಿತು.

ಸಾಹುಕಾರ ಹೌಹಾರಿ, “ಬಾವಿ ಎಷ್ಟು ಆಳ?” ಎಂದ. ಗುಮಾಸ್ತ ಹಲಗೆ ನೋಡಿದ. ದಿನಕ್ಕೆ ಎರಡಡಿ, ಐದು ದಿನಕ್ಕೆ ಹತ್ತಡಿ. “ಇರಲಿ, ಎರಡಡಿ ಜಾಸ್ತಿಯೇ ತರೋಣ,” ಎಂದು ಧಾರಾಳವಾಗಿ ಹೇಳಿ, ಅಂಗಡಿಗೆ ಓಡಿ ಹನ್ನೆರಡು ಅಡಿ ಹಗ್ಗ ತಂದು ಇಳಿಬಿಟ್ಟ.

“ಹಗ್ಗ ಬಿಡ್ರಪ್ಪೋ!” ಎಂದು ಕೆಳಗಿನಿಂದ ಕೂಗು ಬಂತು.

“ಬಿಟ್ಟಾಯ್ತು! ಹಿಡ್ಕೊ!”

ಗುಮಾಸ್ತ ಮತ್ತೆ ಕೂಡಿ ನೋಡಿದ. ಹತ್ತೇ ಬಂತು. ಬಗ್ಗಿ ಹೇಳಿದ: “ನನ್ನ ಲೆಕ್ಕ ಸರಿಯಾಗಿದೆ. ನೀನೇ ಸ್ವಲ್ಪ ಮೇಲೆ ಬಾ!”

“ಅಯ್ಯೋ ನಿನ್ನ ಮನೆ ಹಾಳಾಗ! ಹೋದ ತಿಂಗಳು ನಾನು ಅಗೆದ ನಲವತ್ತು ಅಡೀನ ಯಾರು ಮುಚ್ಚಿದ್ರೋ?”

ಕೊನೆಗೆ ಸೇರಿದವರೆಲ್ಲ ಪಂಚೆ ಬಿಚ್ಚಿ ಹಗ್ಗಕ್ಕೆ ಗಂಟು ಹಾಕಿದರು. ಎದೆಮಟ್ಟದ ನೀರಿನಿಂದ ಅವನನ್ನು ಮೇಲೆಳೆಯಲು ಐದು ಪಂಚೆ ಬೇಕಾಯಿತು. ಮೊದಲು ಬಿಚ್ಚಿಸಿದ್ದು ಗುಮಾಸ್ತನದು.

ಶಶಿರೇಖಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಂಥಾ ಪೆದ್ದ ಮೇಷ್ಟ್ರೇ ಅವನು! ಹಲಗೆ ಒರೆಸಿದರೆ ಬಾವಿ ತುಂಬಿಬಿಡುತ್ತಾ?”

“ಹೋದ ತಿಂಗಳು ನೆಟ್ಟ ಸಸಿ ಈ ತಿಂಗಳು ನೀರು ಕುಡಿಯೋದಿಲ್ವೇನಮ್ಮ?” ಎಂದರು ಮೇಷ್ಟ್ರು.

ಶಶಿರೇಖಾ ನಗು ನಿಲ್ಲಿಸಿ, ವರದಿಯಲ್ಲಿ ಎಲ್ಲ ತಿಂಗಳನ್ನೂ ಮತ್ತೆ ಆರಿಸಿದಳು.